ಡ್ರೈಯರ್ ಬರೋಕಿಂತ ಮುಂಚೆ ನೆಲ್ಲು ಒಣಗಿಸ್ತಿದ್ದವರು ಯಾರು?

ಹೋದ ಬ್ಯಾಸಿಗಿ ಮಾತು. ಮಾಳಿಗಿ ಮ್ಯಾಲೆ ಸಂಡಿಗಿ ಹಾಕಿದ್ದೆ. ನಾಕು ಗಂಟೆ ಹೊತ್ತಿಗೆ ಗುಡ್ಡದ ಕಡಿಯಿಂದ ಕರ್ರಗ ಮೋಡ ಎದ್ದಿದ್ದು ನೋಡಿ, ಸೀರಿ ಸಮೇತ ಸಂಡಿಗಿ ಸುತ್ತಿಕೊಂಡು ಕೆಳಗ ಇಳಿಯೋದರಾಗ ಫೋನು ಬಡಕೊಂತು. ಕಂಪ್ಲಿ ಕಡಿ ಕೊಟ್ಟ ನಮ್ಮ ಚಿಗವ್ವ.

"ಏನ ಮಗಳೇ, ದರೋಜ್ಯಾಗ ಮಳಿ ಬಂತೇನು?"

"ಇಲ್ಲ ಚಿಗವ್ವ, ಮೋಡ ಐತಿ. ಯಾಕ?"

"ಯಾಕ ಅಂತೀಯಲ್ಲ! ಅರವತ್ತು ಚೀಲ ನೆಲ್ಲು ರೋಡ್ ಮ್ಯಾಲೆ ಬಿದ್ದೈತಿ."

ನನ್ನ ಸಂಡಿಗಿ ಒಂದು ಸೀರಿಯಾಗ ಒಳಗ ಬಂತು. ಆಕಿ ನೆಲ್ಲು ಎಲ್ಲಿಗೆ ಬರಬೇಕು? ಅವತ್ತು ರಾತ್ರಿ ಹತ್ತಕ್ಕ ಮತ್ತೆ ಫೋನು ಮಾಡಿದೆ. ತಾಡಪಾಲು ಹೊದಿಸಿದ್ರಂತ, ಆದ್ರ ನೀರು ಕೆಳಗಿಂದ ಹರಕೊಂಡು ಒಳಗ ಹೋಗಿತ್ತಂತ. ಮರುದಿನ ಒಂದು ಮಿಲ್ಲಿಗೆ ಹೋಗಿ, "ನಿಮ್ಮ ಡ್ರೈಯರ್‌ನ್ಯಾಗ ಒಣಗಿಸಿ ಕೊಡ್ರಿ, ರೊಕ್ಕ ಕೊಡ್ತೀವಿ" ಅಂತ ಕೇಳಿದ್ರ, "ನಿಮ್ಮ ಅರವತ್ತು ಚೀಲಕ್ಕ ಬೆಂಕಿ ಹಾಕಾಕ ಆಗಲ್ಲವ್ವ. ಹಸೀದೇ ಕೊಟ್ಟು ಹೋಗು, ರೇಟು ಹಿಂಗ" ಅಂದ್ರಂತ. ಆ "ಹಿಂಗ" ಅಂಬೋ ರೇಟು ಕೇಳಿ ಚಿಗವ್ವ ಅತ್ತಳು.

ಅವತ್ತಿನಿಂದ ನನ್ನ ತಲ್ಯಾಗ ಈ ಡ್ರೈಯರ್ ಕೂತೈತಿ. ಇದು ಎಲ್ಲಿಂದ ಬಂತು? ಬರೋಕಿಂತ ಮುಂಚೆ ಕಾಳು ಒಣಗಿಸ್ತಿದ್ದವರು ಯಾರು? ವಿಚಾರ ಮಾಡ್ಕೋತ ಹೋದ್ರ ನಮ್ಮ ಅಜ್ಜಿ, ನಮ್ಮ ಅವ್ವ ಇಬ್ರೂ ಈ ಕಥ್ಯಾಗ ಬರ್ತಾರ. ಅದಕ್ಕ ಬರೆಯಾಕ ಕುಂತೆ.

ಅಜ್ಜಿ ಕಾಲದಾಗ ನಮ್ಮ ಮನಿ ಕಾಳು ಅಂದ್ರ ಜ್ವಾಳ. ನೆಲ್ಲು ಕೆರಿ ಕೆಳಗಿನ ಗದ್ದಿ ಇದ್ದವರಿಗೆ, ಹಳೇ ವಿಜಯನಗರದ ಕಾಲುವಿ ನೀರು ಹರಿಯೋ ಹೊಸಪೇಟಿ, ಹಂಪಿ, ಕಂಪ್ಲಿ ಸಾಲಿನವರಿಗೆ. ಉಳಿದ ಎರಿ ಹೊಲದವರೆಲ್ಲ ಹಿಂಗಾರಿ ಜ್ವಾಳದವರು. ಜ್ವಾಳ ಚಳಿಗಾಲ ದಾಟಿ ಬಿಸಲು ಏರೋ ಹೊತ್ತಿಗೆ ಕೊಯ್ಲಿಗೆ ಬರ್ತಿತ್ತು. ತೆನಿ ಕೊಯ್ದು, ಕಣದಾಗ ಒಟ್ಟಿ, ರೋಣಗಲ್ಲು ಹೊಡದು, ತೂರಿ, ರಾಶಿ ಮಾಡೋದರಾಗ ಕಾಳು ತಾನೇ ಒಣಗಿರ್ತಿತ್ತು. ಆದ್ರೂ ಹಗೇವಿಗೆ ಹಾಕೋ ಮುಂಚೆ ಅಜ್ಜಿ ಒಪ್ಪಿಗಿ ಬೇಕಾಗಿತ್ತು. ನಾಕು ಕಾಳು ಬಾಯಿಗೆ ಹಾಕ್ಕೊಂಡು ಹಲ್ಲಿಲೆ ಕಡೀತಿದ್ದಳು. "ಕಟ್" ಅಂದ್ರ ಹಗೇವಿಗೆ. ಮೆತ್ತಗ ನುರದ್ರ ಇನ್ನೊಂದು ಬಿಸಲಿಗೆ. ಮನಿ ಗಂಡಸರು ಎಷ್ಟು ಅವಸರ ಮಾಡಿದ್ರೂ ಆಕಿ ಹಲ್ಲು ಹೇಳಿದ್ದೇ ತೀರ್ಪು.

ಹಗೇವು ಈಗಿನ ಹುಡುಗ್ರಿಗೆ ಗೊತ್ತಿಲ್ಲ. ನೆಲದಾಗ ಕೊಡದಂಗ ತೋಡಿದ ಕುಣಿ, ಒಳಗ ಸುತ್ತ ಹುಲ್ಲು, ಮ್ಯಾಲೆ ಕಲ್ಲು ಮುಚ್ಚಿ ಮಣ್ಣು. ಕಾಳೂ ಉಸುರಾಡ್ತೈತಿ. ಮುಚ್ಚಿದ ಹಗೇವಿನ್ಯಾಗ ಅದು ಗಾಳ್ಯಾಗಿನ ಆಮ್ಲಜನಕ ತಗೊಂಡು ಇಂಗಾಲದ ಡೈಆಕ್ಸೈಡ್ ಬಿಡ್ತೈತಿ, ಹುಳ ಬದುಕೋದಿಲ್ಲ. ಅದಕ್ಕ ಹಗೇವು ತೆಗೆದ ಕೂಡಲೇ ಒಳಗ ಇಳಿಯಬಾರದು, ದೀಪ ಇಳಿಬಿಟ್ಟು ಆರ್ತೈತೋ ಇಲ್ಲೋ ನೋಡಬೇಕು ಅನ್ನೋದು. ಆದ್ರ ಕಾಳು ಹಸಿ ಇದ್ರ ಇದೇ ಉಸುರು ಜೋರಾಗ್ತೈತಿ, ಬಿಸಿ ಏರ್ತೈತಿ, ಬೂಸ್ಟು ಹಿಡೀತೈತಿ. ಹಸಿ ಚೀಲದಾಗ ಕೈ ಇಟ್ಟು ನೋಡಿದವರಿಗೆ ಗೊತ್ತು, ಜ್ವರ ಬಂದ ಮಗುವಿನ ಮೈ ಇದ್ದಂಗ ಇರ್ತೈತಿ.

ಬೂಸ್ಟು ಅಂದ್ರ ಬರೀ ವಾಸನಿ ಅಲ್ಲ, ಅಕ್ಕಾರೇ. 1995ರಾಗ ದಖನ್ ಸೀಮೆ ಹಳ್ಳಿಗಳಾಗ ಕೊಯ್ಲಿನ ಹೊತ್ತಿಗೆ ಮಳಿ ಹಿಡಿದು ಜ್ವಾಳ, ಮೆಕ್ಕಿಜ್ವಾಳ ತೊಯ್ದವು. ಅದೇ ಕಾಳಿನ ರೊಟ್ಟಿ ತಿಂದವರಿಗೆ ಹೊಟ್ಟಿನೋವು, ಹೊಟ್ಟಿ ಗುಡುಗುಡು, ಭೇದಿ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯವರು 50 ಹಳ್ಳಿ ತಿರುಗಿ ವಿಚಾರಿಸಿದಾಗ 27 ಹಳ್ಳಿಗಳಾಗ ಇದೇ ಕಾಯಿಲೆ ಸಿಕ್ತು. ಬೂಸ್ಟಿನಿಂದ ಹುಟ್ಟೋ ಫ್ಯುಮೋನಿಸಿನ್ ಅಂಬೋ ವಿಷ ಆ ಕಾಳಿನಾಗ ಇತ್ತು. ಅದಕ್ಕೂ ಮುಂಚೆ, 1974ರಾಗ, ರಾಜಸ್ಥಾನ ಮತ್ತು ಗುಜರಾತಿನ ಹಳ್ಳಿಗಳಾಗ ಬೂಸ್ಟು ಹಿಡಿದ ಮೆಕ್ಕಿಜ್ವಾಳ ತಿಂದು ಯಕೃತ್ತು ಕೆಟ್ಟು ನೂರಕ್ಕೂ ಹೆಚ್ಚು ಜನ ಸತ್ತರು. ಅದು ಅಫ್ಲಾಟಾಕ್ಸಿನ್. ರೊಟ್ಟಿ ಬೇಯಿಸಿದ್ರೂ ಆ ವಿಷ ಸಾಯಂಗಿಲ್ಲ. ನಮ್ಮ ಅಜ್ಜಿಗೆ ಈ ಹೆಸರು ಯಾವುವೂ ಗೊತ್ತಿದ್ದಿಲ್ಲ. ಆದ್ರ "ಹಸಿ ಕಾಳು ಇಟ್ಟ ಮನಿ, ಕಾಯಿಲೆ ಇಟ್ಟ ಮನಿ" ಅಂತಿದ್ದಳು.

ಬಿಸಲು ಇಲ್ಲದ ದೇಶದವರು ಏನು ಮಾಡ್ತಿದ್ರು ಅಂತ ನನಗೂ ಪ್ರಶ್ನಿ ಬಂತು. ಸ್ಕಾಟ್ಲೆಂಡ್, ಐರ್ಲೆಂಡ್ ಕಡಿ ಸುಗ್ಗಿ ಹೊತ್ತಿಗೂ ಮಳಿ, ಮಂಜು. ಅಲ್ಲಿ ಕಲ್ಲಿಲೆ ಕಟ್ಟಿದ ಭಟ್ಟಿ ಇರ್ತಿದ್ವು. ಕೆಳಗ ಬೆಂಕಿ, ಮ್ಯಾಲೆ ಹುಲ್ಲು ಹಾಸಿ ಅದರ ಮ್ಯಾಲೆ ಕಾಳು. ಬ್ರಿಟನ್ನಿನಾಗ ರೋಮನ್ನರ ಕಾಲದ ಇಂಥ ಭಟ್ಟಿಗಳು ನೆಲ ಅಗದಾಗ ಸಿಕ್ಕಾವ. ಅಂದ್ರ ಬೆಂಕಿ ಕೊಟ್ಟು ಕಾಳು ಒಣಗಿಸೋದು ಹೊಸದಲ್ಲ. ನಮಗ ಬೇಕಾಗಿದ್ದಿಲ್ಲ, ಅಷ್ಟೆ. ನಮ್ಮ ಬಳ್ಳಾರಿ ಬಿಸಲಿಗೆ ಭಟ್ಟಿ ಯಾಕ?

ಹಂಗಾದ್ರ ಈಗ ಯಾಕ ಬೇಕಾತು? ಮೊದಲನೇ ಕಾರಣ ನೀರು.

ತುಂಗಭದ್ರಾ ಡ್ಯಾಮಿಗೆ 1945ರಾಗ ಅಡಿಗಲ್ಲು ಹಾಕಿದ್ರು, 1953ರಾಗ ಕಾಲುವಿಗೆ ನೀರು ಬಿಟ್ರು. ಆಂಧ್ರದ ಕರಾವಳಿ ಕಡಿಯಿಂದ ನೆಲ್ಲು ಬೆಳೆಯೋದು ಗೊತ್ತಿದ್ದವರು ಬಂದು ಭೂಮಿ ತಗೊಂಡು ಕ್ಯಾಂಪು ಕಟ್ಟಿದ್ರು. ಕಂಪ್ಲಿ, ಸಿರುಗುಪ್ಪ, ಆ ದಂಡಿ ಗಂಗಾವತಿ, ಸಿಂಧನೂರು ಎಲ್ಲ ನೆಲ್ಲಿನ ಸೀಮೆ ಆದ್ವು. ಜ್ವಾಳದ ರೊಟ್ಟಿ ಊರಾಗ ದಿನಾ ಅನ್ನ ಬಂತು. ನೀರು ಸಾಕಷ್ಟು ಇದ್ದ ವರ್ಷ ಎರಡು ಬೆಳಿ. ಮೊದಲನೇದು ನವೆಂಬರ್-ಡಿಸೆಂಬರಿಗೆ ಕೊಯ್ಲು, ಎರಡನೇದು ಏಪ್ರಿಲ್-ಮೇ ತಿಂಗಳಿಗೆ. ಮೊದಲನೇದಕ್ಕ ಕೆಲವು ವರ್ಷ ಚಂಡಮಾರುತದ ಮಳಿ ತಾಗ್ತೈತಿ. ಎರಡನೇದಕ್ಕ ಸಿಡ್ಲು, ಗಾಳಿ, ಆಣೆಕಲ್ಲಿನ ಮಳಿ. ಜ್ವಾಳ ಬಿಸಲು ನೋಡಿಕೊಂಡು ಮಾಗ್ತಿತ್ತು. ನೆಲ್ಲು ಕಾಲುವಿ ನೀರು ನೋಡಿಕೊಂಡು ಮಾಗ್ತೈತಿ.

ಆದ್ರೂ ಮೊದಲು ಅಷ್ಟು ತೊಂದ್ರಿ ಆಗ್ತಿದ್ದಿಲ್ಲ. ಯಾಕಂದ್ರ ನೆಲ್ಲು ಕುಡುಗೋಲಿಲೆ ಕೊಯ್ತಿದ್ರು. ಕೊಯ್ದಿದ್ದು ಗದ್ದ್ಯಾಗ ಎರಡು-ಮೂರು ದಿನ ಹಾಸಿರ್ತಿತ್ತು, ಆಮ್ಯಾಲೆ ಸಿವುಡು ಕಟ್ಟಿ ಬಣವಿ ಒಟ್ಟಿ, ಬಿಡುವು ಆದಾಗ ಬಡೀತಿದ್ರು. ಕಾಳು ತೆನ್ಯಾಗೇ ಒಣಗ್ತಿತ್ತು. ಕೊಯ್ಯೋರು ಯಾರು? ನಾವೇ, ಹೆಣ್ಮಕ್ಕಳು. ಆ ನಿಧಾನದಾಗೇ ಡ್ರೈಯರ್ ಅಡಗಿತ್ತು.

ಇನ್ನು ಮಿಲ್ಲಿನ ಕಥಿ. ಇದು ನಮ್ಮ ಅವ್ವನ ಕಥಿ. ಮದಿವಿ ಮುಂಚೆ ಮತ್ತು ನಾವು ಸಣ್ಣೋರಿದ್ದಾಗ ನಮ್ಮವ್ವ ರೈಸ್‌ಮಿಲ್ಲಿನ ಕಣದಾಗ ಕೂಲಿ ಮಾಡಿದಾಕಿ. ಕುಸುಬಲಕ್ಕಿ ಮಾಡೋ ಮಿಲ್ಲು. ನೆಲ್ಲು ನೆನಸಿ, ಹಬಿ ಕೊಟ್ಟು ಬೇಯಿಸಿ, ಆಮ್ಯಾಲೆ ಒಣಗಿಸಿ ಅಕ್ಕಿ ಮಾಡೋದು. ಮೊದಲು ತಣ್ಣೀರಿನ್ಯಾಗ ಎರಡು-ಮೂರು ದಿನ ನೆನಸ್ತಿದ್ರು, ಅಕ್ಕಿಗೆ ಕೆಟ್ಟ ವಾಸನಿ ಬರ್ತಿತ್ತು. 1950ರಾಗ ಮೈಸೂರಿನ್ಯಾಗ ಶುರುವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ನಾವು ಸಿ.ಎಫ್.ಟಿ.ಆರ್.ಐ. ಅಂತೀವಲ್ಲ, ಅಲ್ಲಿಯವರು ಸುಮಾರು 70 ಡಿಗ್ರಿ ಬಿಸಿನೀರಿನ್ಯಾಗ ಮೂರು-ನಾಕು ತಾಸಿನ್ಯಾಗ ನೆನಸೋ ದಾರಿ ತೋರಿಸಿದ್ರು. ವಾಸನಿ ಹೋತು. ಆದ್ರ ಹಬಿ ಕೊಟ್ಟ ನೆಲ್ಲಿನ್ಯಾಗ ನೂರಕ್ಕ ಮೂವತ್ತು-ಮೂವತ್ತೈದು ಪಾಲು ನೀರೇ. ಅದನ್ನ ಹದಿನಾಲ್ಕಕ್ಕ ಇಳಿಸಬೇಕು. ಇಳಿಸೋರು ಕಣದ ಹೆಣ್ಮಕ್ಕಳು.

ಸಿಮೆಂಟಿನ ದೊಡ್ಡ ಕಣ. ಬೆಳಕು ಹರಿಯೋ ಮುಂಚೆ ಬೆಂದ ನೆಲ್ಲು ಹಬಿ ಆಡ್ಕೋತ ಬಂದು ಬೀಳ್ತಿತ್ತು. ಹಲಗಿಲೆ ಎಳೆದು ತೆಳ್ಳಗ ಹರವಬೇಕು. ಆಮ್ಯಾಲೆ ಸಾಲಾಗಿ ನಿಂತು ಕಾಲಿಲೆ ಗೆರಿ ಎಳ್ಕೋತ ತಿರುವಬೇಕು. ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ, ದಿನಕ್ಕ ಎಷ್ಟು ಸಲ ಅಂತ ಲೆಕ್ಕ ಇಟ್ಟವರು ಯಾರು? ಕೆಳಗ ಕಾದ ಸಿಮೆಂಟು, ಮ್ಯಾಲೆ ಬಿಸಲು, ನೆಲ್ಲಿನ ಸುಂಕು ಕಾಲಿಗೆ ಚುಚ್ಚಿ ಹಿಮ್ಮಡಿ ಒಡೀತಿದ್ವು. ನಮ್ಮವ್ವ ರಾತ್ರಿ ಕಾಲಿಗೆ ಔಡಲೆಣ್ಣಿ ಹಚ್ಕೊಂಡು ಕೂಡೋದು ನನ್ನ ಕಣ್ಣಿಗೆ ಕಟ್ಟಿದಂಗ ಐತಿ. ಮೋಡ ಬಂದ್ರ ಊಟ ಬಿಟ್ಟು ಓಡಿ ರಾಶಿ ಮಾಡಬೇಕು.

ಒಂದು ಮಾತು ಅವ್ವ ಯಾವಾಗಲೂ ಹೇಳ್ತಿದ್ದಳು. "ಮಧ್ಯಾಹ್ನಕ್ಕ ನೆಲ್ಲು ಮುಕ್ಕಾಲು ಒಣಗಿದ ಮ್ಯಾಲೆ ಸುಮ್ಮನ ಬಿಸಲಿಗೆ ಬಿಡಬಾರದು. ಗುಂಪಿ ಹಾಕಿ ಮುಚ್ಚಿ, ಬೆವರಾಕ ಬಿಡಬೇಕು. ಆಮ್ಯಾಲೆ ತಂಪೊತ್ತಿನ್ಯಾಗ ಉಳಿದಿದ್ದು ಒಣಗಿಸಬೇಕು. ಇಲ್ಲಾಂದ್ರ ಬರೀ ನುಚ್ಚು." ನಾನು ಇದನ್ನ ಕೂಲಿಯವರ ಮಾತು ಅಂತ ಬಿಟ್ಟಿದ್ದೆ. ಈಗ ಓದಿದಾಗ ಗೊತ್ತಾತು. 1967ರಾಗ ಸಿ.ಎಫ್.ಟಿ.ಆರ್.ಐ. ವಿಜ್ಞಾನಿಗಳು ಇದನ್ನೇ ಅಳದು ಬರೆದಾರ. ಬೆಂದ ನೆಲ್ಲಿನ ತೇವ ನೂರಕ್ಕ ಹದಿನಾರರ ಹತ್ರ ಬರೋತನಕ ಎಷ್ಟು ಬಿಸಿ ಕೊಟ್ರೂ ಕಾಳು ತಡಕೊಂತೈತಿ. ಅದಕ್ಕಿಂತ ಕೆಳಗ ಇಳಿಯುವಾಗ ಒಂದೇ ಸಮ ಒಣಗಿಸಿದ್ರ ಒಳಗ ಬಿರುಕು ಬಿಡ್ತೈತಿ. ಅದಕ್ಕ ಹದಿನಾರರ ಹತ್ರ ನಿಲ್ಲಿಸಿ, ಕೆಲವು ತಾಸು ಸುಮ್ಮನ ಬಿಟ್ಟು, ಒಳಗಿನ ತೇವ ಹೊರಗ ಬಂದ ಮ್ಯಾಲೆ ಎರಡನೇ ಸಲ ಒಣಗಿಸಬೇಕು. ಅವ್ವ "ಬೆವರಾಕ ಬಿಡಬೇಕು" ಅಂದಿದ್ದು ಇದೇ ಅಲ್ಲೇನು? ಕಣದಾಗ ಮೀಟರ್ ಇದ್ದಿಲ್ಲ. ಅಂಗಾಲೇ ಮೀಟರ್.

ಈಗ ಡ್ರೈಯರ್‌ಗೆ ಬರ್ತೀನಿ. ಅದು ಹುಟ್ಟಿದ್ದು ನಮ್ಮಂಥ ಕಾರಣಕ್ಕೇ. 1940ರ ದಶಕದಾಗ, ಎರಡನೇ ಮಹಾಯುದ್ಧದ ಹೊತ್ತಿನ್ಯಾಗ, ಅಮೆರಿಕದ ಲೂಸಿಯಾನಾ ರಾಜ್ಯದಾಗ ನೆಲ್ಲು ಕೊಯ್ಯಾಕ ಆಳು ಸಿಗಲಾರದಂಗ ಆತು. ಕೊಯ್ದು ಬಡಿಯೋದು ಎರಡೂ ಒಂದೇ ಸಲ ಮಾಡೋ ಮಿಷನ್ನು ಗದ್ದಿಗೆ ಇಳೀತು. ಸಿವುಡು ಕಟ್ಟಿ ಒಣಗಿಸೋ ದಿನಗಳು ಹೋದ್ವು, ಹಸಿ ಕಾಳು ರಾಶಿ ರಾಶಿ ಬಂದು ಬಿತ್ತು. ಅದನ್ನ ಒಣಗಿಸಾಕ ಲೂಸಿಯಾನಾ ವಿಶ್ವವಿದ್ಯಾಲಯದವರು ಒಂದು ಡ್ರೈಯರ್ ಮಾಡಿದ್ರು. ಅದರ ಹೆಸರಿನ ಮೊದಲ ಅಕ್ಷರ ಸೇರಿಸಿ ಇವತ್ತಿಗೂ ಮಿಲ್ಲಿನವರು "ಎಲ್.ಎಸ್.ಯು. ಡ್ರೈಯರ್" ಅಂತಾರ. ನಮ್ಮ ದೇಶದಾಗ 1960ರ ದಶಕದಿಂದ ಬಾಯ್ಲರ್, ಡ್ರೈಯರ್ ಇರೋ ಹೊಸ ನಮೂನಿ ಮಿಲ್ಲುಗಳು ಬರಾಕ ಹತ್ತಿದ್ವು.

ಅದು ಕೆಲಸ ಮಾಡೋದು ಹೆಂಗಂದ್ರ, ಎರಡು-ಮೂರು ಮಾಳಿಗಿ ಎತ್ತರದ ತಗಡಿನ ಗುಮ್ಮಿ ಅಂತ ತಿಳಕೊಳ್ರಿ. ಒಳಗ ಬೋರಲು ಹಾಕಿದ ಹೆಂಚಿನಂಗ ಸಾಲು ಸಾಲು ತಗಡು. ಒಂದು ಸಾಲಿನ ಕೆಳಗಿಂದ ಬಿಸಿ ಗಾಳಿ ಒಳಗ ಬರ್ತೈತಿ, ಮುಂದಿನ ಸಾಲಿನಿಂದ ತೇವ ಹೊತ್ತುಕೊಂಡು ಹೊರಗ ಹೋಗ್ತೈತಿ. ನೆಲ್ಲು ಈ ತಗಡುಗಳ ನಡುವಿನಿಂದ ಎಡಕ್ಕ ಬಲಕ್ಕ ಹೊಳ್ಳಿಕೋತ ನಿಧಾನಕ್ಕ ಕೆಳಗ ಇಳೀತೈತಿ. ಕೆಳಗ ಬಂದಿದ್ದನ್ನ ಡಬ್ಬಿ ಕಟ್ಟಿದ ಪಟ್ಟಿ ಮತ್ತೆ ಮ್ಯಾಲೆ ಒಯ್ತೈತಿ. ಸಾಕಷ್ಟು ಒಣಗೋತನಕ ಇದೇ ಸುತ್ತು. ನಮ್ಮವ್ವ ಕಾಲಿಲೆ ತಿರುವಿದ್ದನ್ನ ಇದು ತಗಡಿಲೆ ತಿರುವ್ತೈತಿ.

ಬೆಂಕಿಗೆ ಏನು ಹಾಕ್ತಾರ? ನೆಲ್ಲಿನ ಹೊಟ್ಟೇ. ನೂರು ಕೆ.ಜಿ. ನೆಲ್ಲಿಗೆ ಸುಮಾರು ಇಪ್ಪತ್ತು ಕೆ.ಜಿ. ಹೊಟ್ಟು ಬರ್ತೈತಿ. ತನ್ನ ಹೊಟ್ಟಿನ ಬೆಂಕಿಲೆ ತಾನೇ ಒಣಗ್ತೈತಿ. ಕೇಳಾಕ ಚೆಂದ. ಮಿಲ್ಲಿನ ಹಿಂದಿನ ಓಣ್ಯಾಗ ಇರೋರನ್ನ ಕೇಳ್ರಿ, ಬಿಳಿ ಬಟ್ಟಿ ಒಣಗಾಕ ಹಾಕಿದ್ರ ಕರೀ ಬೂದಿ ಉದುರಿ ಚುಕ್ಕಿ ಸೀರಿ ಆಗ್ತೈತಿ ಅಂತಾರ.

ಆಮ್ಯಾಲೆ ನಮ್ಮ ಗದ್ದಿಗೂ ಕಟಾವು ಮಿಷನ್ನು ಇಳೀತು. ಲೂಸಿಯಾನಾದಾಗ ಆಗಿದ್ದು ಕಂಪ್ಲ್ಯಾಗ ಆತು. ಕೊಯ್ಯೋ ಆಳು ಸಿಗವಲ್ರು, ಕೂಲಿ ಏರಿತು, ಮಿಷನ್ನು ತಾಸಿನ್ಯಾಗ ಎಕರೆ ಮುಗಸ್ತು. ಆದ್ರ ಅದು ಕೊಡೋ ಕಾಳು ಹಸೀದು, ನೂರಕ್ಕ ಇಪ್ಪತ್ತು, ಇಪ್ಪತ್ತೆರಡು ತೇವ. ಊರಿಗೆ ಊರೇ ಒಂದು ವಾರದಾಗ ಕಟಾವು. ಎಲ್ಲರ ರಾಶಿಯೂ ಒಂದೇ ದಿನ ಹಸಿ.

ಡ್ರೈಯರ್ ಬಂದಿದ್ದು ಕೆಟ್ಟದ್ದು ಅಂತ ನಾನು ಅನ್ನೋದಿಲ್ಲ. ಅವ್ವನ ಹಿಮ್ಮಡಿ ನೋಡಿದಾಕಿ ನಾನು, ಆ ಕೆಲಸ ಯಾರ ಮಗಳಿಗೂ ಬ್ಯಾಡ. ಮಳ್ಯಾಗ ಕಾಳು ಕೊಳಿಯೋದು ತಪ್ಪಿತು, ನುಚ್ಚು ಕಡಿಮಿ ಆತು. ಆದ್ರ ಕಣದ ಹೆಣ್ಮಕ್ಕಳಿಗೆ "ನಾಳೆಯಿಂದ ಬರಬ್ಯಾಡ್ರಿ" ಅಂದಾಗ, ಅವರ ಅಂಗಾಲಿಗೆ ಗೊತ್ತಿದ್ದ ಹದ ಯಾರೂ ಕೇಳಿ ಬರಕೊಳ್ಳಲಿಲ್ಲ. ಡ್ರೈಯರ್ ಮುಂದ ನಿಂತು ಗುಂಡಿ ಒತ್ತೋ ಕೆಲಸಕ್ಕೂ ಅವರನ್ನ ಕರೀಲಿಲ್ಲ. ಬಿಸಲು ಎಲ್ಲರದು ಆಗಿತ್ತು. ಬೆಂಕಿ ಮಿಲ್ಲಿನವರದು ಆತು.

ಈಗ ಮತ್ತೆ ಚಿಗವ್ವನ ಅರವತ್ತು ಚೀಲಕ್ಕ ಬರೋಣ. ಒಂದು ಲೆಕ್ಕ ಹೇಳ್ತೀನಿ, ಅಡಿಗಿಮನ್ಯಾಗ ಕುಂತು ಮಾಡಬಹುದು. ನಮ್ಮ ಕಡಿ ನೆಲ್ಲಿನ ಚೀಲ ಅಂದ್ರ 75 ಕೆ.ಜಿ. ತೇವ 22 ಇದ್ದ ಚೀಲದಾಗ ನೀರು ಬಿಟ್ಟು ಗಟ್ಟಿ ಕಾಳು 58.5 ಕೆ.ಜಿ. ಅದನ್ನ 14ಕ್ಕ ಒಣಗಿಸಿದ್ರ ಚೀಲ ತೂಗೋದು 68 ಕೆ.ಜಿ. ಅಂದ್ರ ಚೀಲಕ್ಕ 7 ಕೆ.ಜಿ. ನೀರು. ಕೊಳ್ಳೋರು ನೀರಿನ ರೊಕ್ಕ ಕಡಿಮಿ ಮಾಡೋದು ನ್ಯಾಯ ಅನ್ನೋಣ. ಆದ್ರ ಏಳು ಕೆ.ಜಿ.ಗೆ ಏಳು ಕೆ.ಜಿ. ಹಿಡದ್ರ ನ್ಯಾಯ. ಮೋಡ ನೋಡಿ ರೇಟು ಹೇಳಿದ್ರ ನ್ಯಾಯ ಅಲ್ಲ. ಸರ್ಕಾರದ ಬೆಂಬಲ ಬೆಲಿಗೆ ಕೊಡಬೇಕಂದ್ರ ನೆಲ್ಲಿನ ತೇವ 17ರ ಒಳಗ ಇರಬೇಕು, ಮೆಕ್ಕಿಜ್ವಾಳದ್ದು 14. ಆ ಐದು ಅಂಕಿ ಇಳಿಸಾಕ ಚಿಗವ್ವನಿಗೆ ಇರೋ ಜಾಗ ರೋಡ್ ಒಂದೇ. ಊರ ಕಣಗಳೆಲ್ಲ ಮನಿ, ಸೈಟು ಆಗ್ಯಾವ.

ರೋಡಿನ ಮಾತು ಬಂದ್ರ ನನಗ ಹೊಟ್ಟ್ಯಾಗ ಕಲಸಿದಂಗ ಆಗ್ತೈತಿ. ರಾಶಿ ಸುತ್ತ ಕಲ್ಲು ಇಟ್ಟಿರ್ತಾರ, ಕತ್ತಲಾಗ ಬೈಕಿನವರಿಗೆ ಕಾಣೋದಿಲ್ಲ. ಎರಡು ವರ್ಷದ ಹಿಂದ ನಮ್ಮ ಓಣಿ ಹುಡುಗ ಹಂಗೇ ಬಿದ್ದು ಭುಜ ಮುರ್ಕೊಂಡ. ಅವನಿಗೂ ಬೈಯಂಗಿಲ್ಲ, ನೆಲ್ಲು ಹಾಕಿದವರಿಗೂ ಬೈಯಂಗಿಲ್ಲ. ರಾತ್ರಿ ಆ ರಾಶಿ ಪಕ್ಕ ಕಂಬಳಿ ಹೊತ್ತು ಕಾಯೋದು ಬಹಳ ಸಲ ಹೆಣ್ಮಗಳೇ.

ಚಿಗವ್ವ ನೆಲ್ಲು ಹಸೀದೇ ಕೊಟ್ಟಳು. ಗುತ್ತಿಗಿ ಹೊಲ, ಗೊಬ್ಬರದ ಸಾಲ, ಕಾಯಾಕ ಆಗಲಿಲ್ಲ. ಮನಿಗೆ ಅಂತ ನಾಕು ಚೀಲ ಉಳಿಸಿಕೊಂಡಿದ್ದಳು. ಅವನ್ನ ನಾವು ನಾಕು ಮಂದಿ ಹೋಗಿ ಮಾಳಿಗಿ ಮ್ಯಾಲೆ ಮೂರು ದಿನ ಒಣಗಿಸಿಕೊಟ್ವಿ. ನಮ್ಮವ್ವನಿಗೆ ಈಗ ಮೊಣಕಾಲು ನೋವು, ಮೆಟ್ಟಲು ಹತ್ತೋದಿಲ್ಲ. ಕೆಳಗ ಕುರ್ಚಿ ಹಾಕ್ಕೊಂಡು ಕುಂತು, "ಹನ್ನೆರಡಾತು, ಮುಚ್ಚ್ರೇ... ಬೆವರಲಿ" ಅಂತ ಕೂಗ್ತಿದ್ದಳು. ಆ ನೆಲ್ಲಿನ ಅಕ್ಕಿ ಮಾಡಿಸಿದಾಗ ನುಚ್ಚು ಬಹಳ ಬರಲಿಲ್ಲ.

ನನ್ನ ಆಸಿ ಒಂದೇ. ಸಣ್ಣ ಡ್ರೈಯರ್‌ಗಳೂ ಅದಾವ. ಒಂದೊಂದು ಊರಿನ ಸೊಸೈಟ್ಯಾಗೋ, ಸ್ತ್ರೀಶಕ್ತಿ ಸಂಘದ ಕೈಯಾಗೋ ಒಂದು ಇದ್ರ, ಚೀಲಕ್ಕ ಇಷ್ಟು ಅಂತ ಕೊಟ್ಟು ಎಲ್ಲರೂ ಒಣಗಿಸಿಕೊಳ್ಳಬಹುದು. ಹೊಟ್ಟು ನಮ್ಮ ನೆಲ್ಲಿಂದೇ ಅಲ್ಲೇನು? ಹದ ನೋಡಾಕ ನಮ್ಮವ್ವನಂಥವರು ಇನ್ನಾ ಅದಾರ. ಅವರು ಇರೋದರಾಗ ಆಗಬೇಕು.

ಅಲ್ಲಿತನಕ, ಹಲ್ಲು ಗಟ್ಟಿ ಇಲ್ಲದವರಿಗೆ ಒಂದು ಉಪಾಯ ಹೇಳಿ ಮುಗಸ್ತೀನಿ. ಚೆನ್ನಾಗಿ ಒಣಗಿದ ಗಾಜಿನ ಬಾಟ್ಲಿ ತಗೊಳ್ರಿ. ಅದರಾಗ ಮೂರು-ನಾಕು ಹಿಡಿ ಕಾಳು, ಬಾಣಲ್ಯಾಗ ಹುರಿದು ಆರಿಸಿದ ಪುಡಿ ಉಪ್ಪು ಎರಡು ಚಮಚ ಹಾಕಿ, ಮುಚ್ಚಳ ಬಿಗಿ ಮಾಡಿ ಜೋರಾಗಿ ಅಲ್ಲಾಡಿಸ್ರಿ. ಕಾಲು ತಾಸು ಬಿಟ್ಟು ನೋಡ್ರಿ. ಉಪ್ಪು ಗಾಜಿಗೆ ಅಂಟಿಕೊಂಡ್ರ ತೇವ 15ಕ್ಕಿಂತ ಮ್ಯಾಲೆ, ಇನ್ನೊಂದು ಬಿಸಲು ಬೇಕು. ಉಪ್ಪು ಉದುರಿ ತಳಕ್ಕ ಬಿದ್ರ ಡಬ್ಬಿಗೆ ಹಾಕ್ರಿ. ಮೀಟರ್ ಹಿಡಕೊಂಡು ಬರೋರು ಎಷ್ಟು ಅಂತ ಹೇಳೋ ಮುಂಚೆ ನಮಗೂ ಒಂದು ಅಂದಾಜು ಇದ್ರ ಒಳ್ಳೇದು.